ಕಾಗದಕ್ಕೆ ತೂತು

ಮೊದಲು ಕ್ಲಬ್ಬಿನ ಅರ್ಜಿ, ನಾಲ್ಕು ಹಾಳೆ.
ಆಮೇಲೆ ಆರು ತಿಂಗಳು ಬೇರೆಯವರ ಪಿಸ್ತೂಲು,
ಬೇರೆಯವರ ಕಿವಿಮುಚ್ಚಳ,
ಪ್ರತಿ ಶನಿವಾರ ಹಾಜರಿ ಪುಸ್ತಕದಲ್ಲಿ
ಐಲ್ಸಾ ಮೆಕ್‌ಕ್ರಿಂಡಲ್, ಊರು ಬ್ಲಫ್,
ಕಸುಬು ಸಿಂಪಿ ಬಿಡಿಸುವುದು.
ಆಮೇಲೆ ಪೊಲೀಸರ ಅರ್ಜಿ. ಫೋಟೊ. ಪರೀಕ್ಷೆ. ಸಾಕ್ಷಿ.
ಒಂದು ಕಾಗದಕ್ಕೆ ತೂತು ಹೊಡೆಯಲು
ಎಷ್ಟು ಕಾಗದ ಮಾರಾಯ್ತಿ, ಅಂತ ನಕ್ಕ ಫರ್ಗಸ್.

ಗೋಡೆಗೆ ಉಕ್ಕಿನ ಪೆಟ್ಟಿಗೆ ಕೂರಿಸಿದವನೂ ಅವನೇ.
ನಾಲ್ಕು ಬೋಲ್ಟು. ಒಳಗೆ ಇನ್ನೂ ಏನಿಲ್ಲ.
ಖಾಲಿ ಪೆಟ್ಟಿಗೆಗೆ ಬೀಗ ಜಡಿದು
ಬೀಗದಕೈ ಎಲ್ಲಿಡಲೆಂದು ಮೂರು ದಿನ ಯೋಚಿಸಿದೆ.
ಗಂಡನಿಗೂ ಗೊತ್ತಾಗಬಾರದಂತೆ, ಕಾನೂನು.
ಮೂವತ್ತೊಂದು ವರ್ಷದ ಸಂಸಾರದಲ್ಲಿ
ಅವನ ಕೈಯಾಡದ ಜಾಗ ಯಾವುದು ಈ ಮನೆಯಲ್ಲಿ?

ಮೇ ತಿಂಗಳ ಒಂದು ಮಂಗಳವಾರ ಬಂದಳು
ಮೆರಾನಿಯಾ ರಂಗಿಹುನಾ, ಪೊಲೀಸರ ಪರವಾಗಿ ವಿಚಾರಿಸುವವಳು.
ಬೂಟು ಬಾಗಿಲಲ್ಲೇ ಕಳಚಿದಳು.
ಕಾಲುಚೀಲದ ಹೆಬ್ಬೆರಳಿಗೆ ಹೊಲಿಗೆ ಹಾಕಿತ್ತು.
ಚಹಾ ಬೇಡ ಅಂದಳು, ಆಮೇಲೆ ಕುಡಿದಳು.

ಯಾಕೆ ಬೇಕು ನಿಮಗೆ?
ಗುರಿ ಹೊಡೆಯಲು.
ಅದು ಅರ್ಜಿಯಲ್ಲೇ ಇದೆ. ಯಾಕೆ?

ಮಾರ್ಚಿನಿಂದ ಆಗಸ್ಟಿನ ತನಕ ಚಾಕು ಹಿಡಿಯುವ ಕೈ ಇದು.
ಬಾಯಿ ಬಿಗಿದ ಸಿಂಪಿಯ ಸಂದಿ ಹುಡುಕಿ,
ತಿರುವಿ, ಕೊಯ್ದು, ಎಸೆದು, ಇನ್ನೊಂದು.
ಅವಸರವೇ ಸಂಬಳ ಆ ಶೆಡ್ಡಿನಲ್ಲಿ.
ಆ ಚಾಕುವಿಗೆ ಲೈಸೆನ್ಸು ಕೇಳಿದವರಿಲ್ಲ.
ರೇಂಜಿನಲ್ಲಿ ಮುದುಕ ಡೆನ್‌ಜಿಲ್ ಹಿಂದೆ ನಿಂತು ಹೇಳುತ್ತಾನೆ:
ಅರ್ಧ ಉಸಿರು ಬಿಡು, ಅರ್ಧ ಇಟ್ಟುಕೊ.
ಕುದುರೆ ಎಳೆಯಬೇಡ, ಮೆಲ್ಲಗೆ ಒತ್ತು.
ಸಿಡಿದಾಗ ನಿನಗೇ ಅಚ್ಚರಿಯಾಗಬೇಕು.
ಆ ಉಸಿರಿಗೂ ಆ ಸದ್ದಿಗೂ ನಡುವೆ
ಒಂದು ಜಾಗ ಇದೆ, ಅಂದೆ ಅವಳಿಗೆ.
ಅಲ್ಲಿ ಯಾರೂ ನನ್ನನ್ನು ಕರೆಯುವುದಿಲ್ಲ.

ಬರೆದುಕೊಂಡಳು. ಏನೆಂದು ಕಾಣಲಿಲ್ಲ.
ಈಗ ನಿಮ್ಮ ಯಜಮಾನರ ಹತ್ತಿರ ಒಬ್ಬಳೇ ಮಾತಾಡಬೇಕು.

ಹಿತ್ತಿಲಿಗೆ ಹೋದೆ. ದಕ್ಷಿಣದ ಗಾಳಿ.
ಹಗ್ಗದ ಮೇಲೆ ಅವನ ಅಂಗಿಗಳು
ತೋಳೆತ್ತಿ ಶರಣಾಗುತ್ತಿದ್ದವು.
ಅಡುಗೆಮನೆಯ ಕಿಟಕಿಯಲ್ಲಿ ಅವನ ಬೆನ್ನು.
ಅವಳ ತುಟಿ ಅಲುಗಿತು, ನಿಂತಿತು.
ಅವನು ಉತ್ತರಕ್ಕೆ ತೆಗೆದುಕೊಂಡ ಹೊತ್ತಿನಲ್ಲಿ
ಎರಡು ಅಂಗಿ, ಒಂದು ಟವೆಲು, ಆರು ಕ್ಲಿಪ್ಪು ತೆಗೆದೆ.

ಲೈಸೆನ್ಸಿನ ಬದಲು ಬಂತು ಇನ್ನೊಂದು ಕಾಗದ:
ವೈದ್ಯರ ಪತ್ರ ಬೇಕು.
ಏನು ಹೇಳಿದೆ ಅವಳಿಗೆ?

ಫರ್ಗಸ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಲೇ ಇದ್ದ, ಅಂಚಿನ ತನಕ.
ಬದುಕು ಸಾಕೆನಿಸಿದ್ದುಂಟೇ ಇವರಿಗೆ, ಅಂತ ಕೇಳಿದಳು.
ಉಂಟು ಅಂದೆ.
ನಿನ್ನಮ್ಮ ಹೋದ ಚಳಿಗಾಲ, ರಾತ್ರಿ ಹೊತ್ತು
ದೋಣಿಕಟ್ಟೆಯ ತುದಿಗೆ ಹೋಗಿ ನಿಲ್ಲುತ್ತಿದ್ದೆಯಲ್ಲ.

ನೀನು ಮಲಗಿರುತ್ತಿದ್ದೆ.

ಇಲ್ಲ. ಟ್ರಕ್ಕಿನಲ್ಲಿರುತ್ತಿದ್ದೆ, ಲೈಟು ಆರಿಸಿ.

ಹನ್ನೊಂದು ವರ್ಷ.
ಒಂದು ವಾರ ಅವನ ಜೊತೆ ಮಾತು ಬಿಟ್ಟೆ.
ನನ್ನ ಗುಟ್ಟನ್ನು ಠಾಣೆಗೆ ಒಯ್ದು ಕೊಟ್ಟವನು.
ನನ್ನ ಗುಟ್ಟನ್ನು ಇಷ್ಟು ದಿನ ನನ್ನಿಂದಲೇ ಮುಚ್ಚಿಟ್ಟವನು.
ಯಾವುದಕ್ಕೆ ಸಿಟ್ಟು, ತಿಳಿಯಲಿಲ್ಲ.
ಸಿಂಪಿ ಬಿಡಿಸುತ್ತಾ ಹೆಬ್ಬೆರಳು ಕೊಯ್ದುಕೊಂಡೆ,
ಇಪ್ಪತ್ತು ವರ್ಷದಲ್ಲಿ ಮೊದಲ ಸಲ.

ಡಾಕ್ಟರು ಬರೆದುಕೊಟ್ಟರು, ನಾಲ್ಕು ತಿಂಗಳು ಹಿಡಿಯಿತು.
ಮೆರಾನಿಯಾ ಮತ್ತೆ ಬಂದಳು, ಈ ಸಲ ಚಹಾ ತಾನೇ ಕೇಳಿದಳು.
ಸಿಂಪಿಯ ಕಾಲ ಮುಗಿದ ಮೇಲೆ ಕಾರ್ಡು ಬಂತು,
ಹಲ್ಲುನೋವಿನವಳ ಹಾಗೆ ನನ್ನ ಫೋಟೊ.

ಶನಿವಾರ ಸಂಜೆ. ಪಿಸ್ತೂಲು ಬೀಗದ ಪೆಟ್ಟಿಗೆಯಲ್ಲಿ,
ಗುಂಡು ಬೇರೆ ಪೆಟ್ಟಿಗೆಯಲ್ಲಿ,
ಮನೆಯಿಂದ ನೇರ ರೇಂಜಿಗೆ,
ದಾರಿಯಲ್ಲಿ ಹಾಲಿಗೂ ನಿಲ್ಲಿಸುವ ಹಾಗಿಲ್ಲ.
ಟ್ರಕ್ಕು ಓಡಿಸುವವನು ಫರ್ಗಸ್.
ಒಳಗೆ ಬರುವುದಿಲ್ಲ, ಪೇಪರು ಓದುತ್ತಾ ಕೂರುತ್ತಾನೆ
ಲೈಟು ಹಾಕಿಕೊಂಡು.

ನಾನು ಬಂದು ಕೊಟ್ಟ ಹಾಳೆಯನ್ನು
ಆ ಲೈಟಿಗೇ ಹಿಡಿದು ತೂತು ಎಣಿಸುತ್ತಾನೆ.
ಒಂಬತ್ತೇ ಇವೆ. ಹತ್ತನೆಯದು?
ಒಂದರೊಳಗೊಂದು ಹೋಗಿರಬೇಕು, ಅಂದೆ.
ಇಲ್ಲ, ಗೋಡೆಗೆ.